ಥಾಯ್ ಮಕ್ಕಳಿಗೆ ದಿನಬಳಕೆಯ ಇಂಗ್ಲಿಷ್ ಕಲಿಸಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು (ಸಾಗರ)

ನಮಸ್ಕಾರ. ನವೆಂಬರ್‌ನಲ್ಲಿ ಶುರುವಾಗುವ ಎರಡನೇ ಅವಧಿಗೆ ಚಿಯಾಂಗ್ ಮಾಯ್ ಹತ್ತಿರದ ಒಂದು ಪ್ರಾಥಮಿಕ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಹೊರಟಿದ್ದೇನೆ. ಮೂರನೇ, ನಾಲ್ಕನೇ ಕ್ಲಾಸಿನ ಮಕ್ಕಳು. ನನಗೆ ಥಾಯ್ ಬರುವುದು ನಾಲ್ಕು ಮಾತು ಅಷ್ಟೇ. ಕಳಿಸಿಕೊಟ್ಟ ಪುಸ್ತಕದ ತುಂಬ ಹಿಮದ ಬೊಂಬೆ, ಚಿಮಣಿ, ಎಲೆ ಉದುರುವ ಕಾಲ. ಅಲ್ಲಿಯೂ ನಮ್ಮ ಹಾಗೆ ಬೇಸಿಗೆ, ಮಳೆ, ಚಳಿ ಮೂರೇ ಕಾಲ ಅಲ್ವಾ? ಅದಕ್ಕೇ ಆ ಮಕ್ಕಳ ದಿನದೊಳಗಿನಿಂದಲೇ ಪದ ಎತ್ತಿಕೊಳ್ಳೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಬ್ಯಾಂಕಾಕ್ ಹೊರವಲಯದಲ್ಲಿ ಪಾಠ ಮಾಡಿದವರು

ಮೇಡಂ, ಮೊದಲ ವಾರ ಪುಸ್ತಕ ಮುಚ್ಚಿಡಿ. ಶಾಲೆಯ ದಿನ ಹೇಗೆ ಸಾಗುತ್ತದೆ ಅಂತ ಸುಮ್ನೆ ನೋಡಿ. ಬೆಳಿಗ್ಗೆ 8 ಗಂಟೆಗೆ ಬಾವುಟ ಏರುತ್ತದೆ, ರಾಷ್ಟ್ರಗೀತೆ ಆಗುತ್ತದೆ. ಲೈನ್ ಅಪ್, ಸ್ಟ್ಯಾಂಡ್ ಸ್ಟ್ರೇಟ್, ಸಿಟ್ ಡೌನ್ ಅಲ್ಲೇ ಸಿಕ್ಕವು. ಕ್ಲಾಸಿನ ಬಾಗಿಲಲ್ಲಿ ಶೂ ಬಿಚ್ಚಬೇಕು. ಟೇಕ್ ಆಫ್, ಪುಟ್ ಆನ್ ಕಲಿಸಲು ಬೇರೆ ಚಿತ್ರ ಯಾಕೆ?

ನನಗೆ ಎಲ್ಲಕ್ಕಿಂತ ಒದಗಿದ್ದು ಹಲ್ಲುಜ್ಜುವ ಹೊತ್ತು. ಅಲ್ಲಿನ ಬಹಳ ಶಾಲೆಗಳಲ್ಲಿ ಮಧ್ಯಾಹ್ನ ಊಟವಾದ ಮೇಲೆ ಮಕ್ಕಳೆಲ್ಲ ಒಟ್ಟಿಗೆ ಹಲ್ಲುಜ್ಜುತ್ತಾರೆ. ಒಬ್ಬೊಬ್ಬರಿಗೂ ಹೆಸರು ಬರೆದ ಲೋಟ, ಬ್ರಷ್. ಉದ್ದ ತೊಟ್ಟಿ, ಸಾಲು ನಲ್ಲಿ. ನಾನೂ ಒಂದು ಬ್ರಷ್ ಹಿಡಿದು ಪಕ್ಕದಲ್ಲಿ ನಿಂತೆ. ಸ್ಕ್ವೀಜ್ ಅಂತ ಪೇಸ್ಟ್ ಹಿಂಡಿದೆ. ಆಮೇಲೆ ಬ್ರಷ್, ರಿನ್ಸ್, ಸ್ಪಿಟ್. ಸ್ಪಿಟ್ ಅಂದರೆ ಸಾಕು, ಇಡೀ ಸಾಲು ಒಟ್ಟಿಗೆ ಉಗಿದು ಬಿದ್ದು ಬಿದ್ದು ನಗುತ್ತಿತ್ತು. ಟರ್ನ್ ಆಫ್ ದ ಟ್ಯಾಪ್ ಅನ್ನೋದನ್ನು ನಾನು ಪಾಠ ಅಂತ ಮಾಡಲೇ ಇಲ್ಲ. ನೀರು ಪೋಲಾದಾಗ ಕೂಗುತ್ತಿದ್ದೆ. ಸ್ವಲ್ಪ ದಿನಕ್ಕೆ ಅವರೇ ಒಬ್ಬರ ಮೇಲೊಬ್ಬರು ಕೂಗತೊಡಗಿದರು.

ರುಚಿಗೆ ನೂಡಲ್ ಅಂಗಡಿ ಆಟ. ಅಲ್ಲಿ ನೂಡಲ್ ಅಂಗಡಿಯ ಮೇಜಿನ ಮೇಲೆ ನಾಲ್ಕು ಡಬ್ಬಿ ಇಟ್ಟಿರುತ್ತಾರೆ: ಸಕ್ಕರೆ, ಫಿಶ್ ಸಾಸ್, ಒಣಮೆಣಸಿನ ಪುಡಿ, ವಿನೆಗರ್‌ನಲ್ಲಿ ನೆನೆದ ಮೆಣಸಿನಕಾಯಿ. ಸ್ವೀಟ್, ಸಾಲ್ಟಿ, ಸ್ಪೈಸಿ, ಸಾವರ್ ನಾಲ್ಕೂ ಒಂದೇ ಕಡೆ. ಒಬ್ಬ ಅಂಗಡಿಯವನು, ಇನ್ನೊಬ್ಬ ಗಿರಾಕಿ. ನೋ ಶುಗರ್, ಮೋರ್ ಚಿಲ್ಲಿ, ಹೌ ಮಚ್ ಅಂತ ವ್ಯಾಪಾರ. ದುಡ್ಡಿಗೆ ಕಾಗದದ ನೋಟು ಮಾಡಿಸಿ. 20 ಬಾತ್ ಹಸಿರು, 50 ನೀಲಿ, 100 ಕೆಂಪು. ಬಣ್ಣವೂ ಬಂತು, ಲೆಕ್ಕವೂ ಬಂತು.

ಬ್ಯಾಂಕಾಕ್‌ನಲ್ಲಿರುವ ಗೃಹಿಣಿ, ಹುಬ್ಬಳ್ಳಿಯವರು

ಬಣ್ಣದ ಮಾತು ಬಂತಲ್ಲ, ವಾರಗಳನ್ನೂ ಅದರ ಜೊತೆಗೇ ಕಲಿಸಿರಿ. ಅಲ್ಲಿ ಒಂದೊಂದು ವಾರಕ್ಕೆ ಒಂದೊಂದು ಬಣ್ಣ. ಭಾನುವಾರ ಕೆಂಪು, ಸೋಮವಾರ ಹಳದಿ, ಮಂಗಳವಾರ ಗುಲಾಬಿ, ಬುಧವಾರ ಹಸಿರು, ಗುರುವಾರ ಕಿತ್ತಳೆ, ಶುಕ್ರವಾರ ನೀಲಿ, ಶನಿವಾರ ನೇರಳೆ. ಸೋಮವಾರ ಹಳದಿ ಅಂಗಿ ಹಾಕಿಕೊಂಡವರು ಬೇಕಾದಷ್ಟು ಕಾಣುತ್ತಾರೆ. ಈಗಿನ ರಾಜರೂ ಅವರ ತಂದೆಯೂ ಹುಟ್ಟಿದ್ದು ಸೋಮವಾರ. ನಮ್ಮ ಪಕ್ಕದ ಮನೆ ಹುಡುಗಿಗೆ ಮಂಡೆ, ಟ್ಯೂಸ್‌ಡೇ ಬಾಯಿಪಾಠ ಮಾಡಿಸಿದರೆ ಮರುದಿನಕ್ಕೆ ಮರೀತಿದ್ದಳು. ಮಂಡೆ ಯೆಲ್ಲೋ, ಟ್ಯೂಸ್‌ಡೇ ಪಿಂಕ್ ಅಂತ ಜೋಡಿ ಮಾಡಿದ ಮೇಲೆ ನಿಂತಿತು.

ಇನ್ನೊಂದು ಮಾತು. ಮಕ್ಕಳನ್ನ ಮನೆಯಲ್ಲಿ ಏನಂತ ಕರೀತಾರೆ, ಆ ಹೆಸರು ಕೇಳಿರಿ. ಐಸ್, ಬಾಲ್, ಬ್ಯಾಂಕ್, ಮಿಂಟ್, ಗಿಫ್ಟ್, ಅರ್ತ್ ಅಂತೆಲ್ಲ ಇರುತ್ತಾವೆ. ಹಾಜರಿ ಪುಸ್ತಕದಲ್ಲೇ ಅರ್ಧ ಪಾಠ ಕೂತಿರತೈತಿ!

ಥಾಯ್ ಉದ್ಯೋಗಿಗಳಿಗೆ ಆನ್‌ಲೈನ್ ಇಂಗ್ಲಿಷ್ ಹೇಳಿಕೊಡುವವರು

ಪದ ಆರಿಸುವುದು ಸರಿ, ಬಾಯಿಯ ಕಡೆಗೂ ಗಮನ ಇರಲಿ. ಥಾಯ್‌ನಲ್ಲಿ ಪದದ ಕೊನೆಗೆ ಸ, ಲ ಉಚ್ಚಾರ ಬರುವುದಿಲ್ಲ. ಹಾಗಾಗಿ ಬಸ್ ಅನ್ನುವುದು ಬತ್ ಆಗುತ್ತದೆ, ಫುಟ್‌ಬಾಲ್ ಫುಟ್‌ಬಾನ್ ಆಗುತ್ತದೆ. ನಮ್ಮದು ಇದರ ತಿರುಗುಮುರುಗು. ನಾವು ಬಸ್ಸು, ಬಾಲು ಅಂತ ಕೊನೆಗೊಂದು ಉಕಾರ ಹಚ್ಚುತ್ತೇವೆ. ಮಕ್ಕಳು ನಿಮ್ಮ ಬಾಯನ್ನೇ ನೋಡುತ್ತಾರೆ, ಆ ಉಕಾರ ಅವರಿಗೆ ದಾಟದಂತೆ ನೋಡಿಕೊಳ್ಳಿ. ಕೊನೆಯ ಸ ಬರಿಸಲು ಬೆರಳನ್ನು ಗಾಳಿಯಲ್ಲಿ ಎಳೆಯುತ್ತಾ ಬಸ್‌ಸ್‌ಸ್ ಅನ್ನಿಸುವುದು ನನ್ನ ರೂಢಿ. ಎರಡು ವಸ್ತು ಇದ್ದಾಗ ಕೊನೆಗೆ ಸ ಸೇರಿಸುವುದನ್ನು ಮರೆತರೆ ಬೈಯಬೇಡಿ. ಅವರ ಭಾಷೆಯಲ್ಲಿ ನಾಯಿ, ನಾಯಿಗಳು ಎರಡಕ್ಕೂ ಪದ ಒಂದೇ.

ಫ್ಯಾನ್ ಚಿತ್ರ ತೋರಿಸಿದಾಗ ಕ್ಲಾಸು ಮುಸಿಮುಸಿ ನಕ್ಕರೆ ಗಾಬರಿಯಾಗಬೇಡಿ. ಅಲ್ಲಿ ಫ್ಯಾನ್ ಅಂದರೆ ಪ್ರೇಮಿ, ಗಂಡ, ಹೆಂಡತಿ.

ಚಿಯಾಂಗ್ ಮಾಯ್‌ನಲ್ಲಿ ಸ್ವಯಂಸೇವಕಿಯಾಗಿದ್ದವರು

ಎಲ್ಲರೂ ಹಬ್ಬದಿಂದ ಶುರು ಮಾಡಿ ಅಂತಾರೆ, ನಾನು ಒಪ್ಪಲ್ಲ. ಹಬ್ಬದ ಹೆಸರು, ದೇವರ ಹೆಸರು ಇಂಗ್ಲಿಷ್‌ನಲ್ಲಿ ಕಲಿತು ಮಗು ಏನು ಮಾಡುತ್ತದೆ? ವರ್ಷಕ್ಕೊಮ್ಮೆ ಹೇಳುವ ಪದ ನಾಲಿಗೆಗೆ ಹತ್ತುವುದಿಲ್ಲ. ಹಬ್ಬದ ಕೆಲಸದಲ್ಲಿರುವ ಕ್ರಿಯಾಪದಗಳನ್ನು ಹಿಡಿಯಿರಿ.

ನೀರಿಗೆ ದೀಪ ತೇಲಿಬಿಡುವ ಹಬ್ಬ ಲೊಯ್ ಕ್ರಥೊಂಗ್ ಸಾಮಾನ್ಯವಾಗಿ ನವೆಂಬರ್ ಹುಣ್ಣಿಮೆಗೆ ಬರುತ್ತದೆ. ನೀವು ಹೋಗುವ ಹೊತ್ತಿಗೆ ಶಾಲೆಯಲ್ಲಿ ತಯಾರಿ ನಡೆದಿರಬಹುದು. ಬಾಳೆದಿಂಡಿನ ಬಿಲ್ಲೆ ಕೊಯ್ದು, ಬಾಳೆಲೆಯನ್ನು ಮೂಲೆ ಮೂಲೆಯಾಗಿ ಮಡಚಿ, ಸುತ್ತ ಚುಚ್ಚಿ, ನಡುವೆ ಹೂವು, ಮೇಣದಬತ್ತಿ, ಊದಿನಕಡ್ಡಿ ಇಟ್ಟು ನೀರಿಗೆ ಬಿಡುತ್ತಾರೆ. ಸಾಗರದವರಿಗೆ ಬಾಳೆಲೆ ಮಡಚುವುದನ್ನು ಯಾರೂ ಹೇಳಿಕೊಡಬೇಕಿಲ್ಲ ಬಿಡಿ, ಆದರೂ ಗೊತ್ತಿಲ್ಲದವರ ಹಾಗೆ ಕೂತುಕೊಳ್ಳಿ. ಟೀಚರಿಗೆ ತಾವು ಕಲಿಸುತ್ತಿದ್ದೇವೆ ಅನ್ನುವ ಹುಮ್ಮಸ್ಸಿನಲ್ಲಿ ಮಕ್ಕಳ ಬಾಯಿ ಬಿಡುತ್ತದೆ. ಎಲೆಯನ್ನು ಉಲ್ಟಾ ಹಿಡಿದರೆ ನೋ ಟೀಚರ್, ಫೋಲ್ಡ್ ದಿಸ್, ಪಿನ್ ಹಿಯರ್ ಅಂತ ಕೈ ಹಿಡಿದು ತಿದ್ದುತ್ತಾರೆ. ಕಟ್, ಫೋಲ್ಡ್, ಪಿನ್, ಲೈಟ್, ಫ್ಲೋಟ್. ಫೋಲ್ಡ್, ಕಟ್ ಎರಡೂ ಮಾರನೆಯ ವಾರ ಕಾಗದದ ಕೆಲಸಕ್ಕೂ ಬೇಕಾಗುತ್ತವೆ, ಪದ ಅಲ್ಲೇ ಗಟ್ಟಿಯಾಗುತ್ತದೆ.

ಒಂದು ಎಚ್ಚರಿಕೆ. ದೇಹದ ಭಾಗ ಕಲಿಸುವಾಗ ಪಕ್ಕದವರ ತಲೆ ಮುಟ್ಟಿಸುವ ಆಟ ಬೇಡ. ಅಲ್ಲಿ ತಲೆ ಪವಿತ್ರ, ಇನ್ನೊಬ್ಬರ ತಲೆ ಮುಟ್ಟುವುದು ಮರ್ಯಾದೆಯಲ್ಲ. ಪಾದದಿಂದ ಏನನ್ನೂ ತೋರಿಸುವ ಹಾಗೂ ಇಲ್ಲ. ತಂತಮ್ಮ ತಲೆ, ಭುಜ ಮುಟ್ಟಿಕೊಳ್ಳಲಿ.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಹಲ್ಲುಜ್ಜುವ ತೊಟ್ಟಿಯಿಂದಲೇ ಶುರು ಮಾಡುತ್ತೇನೆ. ಪಾಠದ್ದಲ್ಲದ ಒಂದು ಪ್ರಶ್ನೆ: ನಾನು ಸಸ್ಯಾಹಾರಿ. ಆ ನೂಡಲ್ ಅಂಗಡಿಯಲ್ಲಿ ನನ್ನ ಗತಿ ಏನು?

ಬ್ಯಾಂಕಾಕ್‌ನಲ್ಲಿರುವ ಗೃಹಿಣಿ, ಹುಬ್ಬಳ್ಳಿಯವರು

ಜೇ ಅನ್ನಿರಿ. ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ ಏನೂ ಇರುವುದಿಲ್ಲ, ಫಿಶ್ ಸಾಸ್ ಕೂಡ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇದ್ದ ಅಂಗಡಿ ಹುಡುಕಿರಿ. ಅಂಗಡಿ ಆಟದಲ್ಲಿ ನೋ ಫಿಶ್ ಸಾಸ್ ಅನ್ನೋದನ್ನ ಮಕ್ಕಳಿಗೆ ಜಾಸ್ತಿ ಸಲ ಹೇಳಿಸಿರಿ, ಅವರಲ್ಲಿ ಯಾರದಾದರೂ ಅಮ್ಮ ನೂಡಲ್ ಅಂಗಡಿ ಇಟ್ಟಿದ್ದರೂ ಇಟ್ಟಿರಬಹುದು.