ಸಿಕ್ಕಿಂ ‘ವಿಲೀನವಾಯಿತು’ ಅನ್ನಬಹುದೇ?

ಗೆಳೆಯರೇ, ಸಿಕ್ಕಿಂನ ಕೊನೆಯ ಅರಸ ಪಾಲ್ಡೆನ್ ತೊಂಡುಪ್ ನಾಮ್‌ಗ್ಯಾಲ್ ಅವರ ಬಗ್ಗೆ ಒಂದು ಪುಟ್ಟ ಜೀವನಚಿತ್ರ ಬರೆಯುತ್ತಿದ್ದೇನೆ. 1975ಕ್ಕೆ ಬಂದು ನಿಂತುಬಿಟ್ಟಿದೆ, ಕಾರಣ ಒಂದು ಕ್ರಿಯಾಪದ.

ನಮ್ಮಲ್ಲಿ ಎಲ್ಲರೂ ಬರೆಯುವುದು ‘ಸಿಕ್ಕಿಂ ಭಾರತದಲ್ಲಿ ವಿಲೀನವಾಯಿತು’ ಅಂತ. ಮೈಸೂರಿಗೆ ಈ ಮಾತು ಒಪ್ಪುತ್ತದೆ. ಚಳವಳಿಯ ಒತ್ತಡ ಇತ್ತು, ನಿಜ, ಆದರೂ 1947ರಲ್ಲಿ ಜಯಚಾಮರಾಜ ಒಡೆಯರೇ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು. ಸಿಕ್ಕಿಂನಲ್ಲಿ ನಡೆದದ್ದು ಬೇರೆ. 1975ರ ಏಪ್ರಿಲ್ 9ರಂದು ಭಾರತದ ಸೇನೆ ಗ್ಯಾಂಗ್ಟಕ್‌ನ ಅರಮನೆಗೆ ನುಗ್ಗಿ ಕಾವಲುಗಾರರ ಆಯುಧ ಕಿತ್ತುಕೊಂಡಿತು, ಒಬ್ಬ ಕಾವಲುಗಾರ ಸತ್ತ. ಮರುದಿನವೇ ಶಾಸನಸಭೆ ಅರಸೊತ್ತಿಗೆ ರದ್ದು ಮಾಡಿತು. 14ಕ್ಕೆ ಜನಮತಗಣನೆ, ಮೇ 16ಕ್ಕೆ ಸಿಕ್ಕಿಂ 22ನೇ ರಾಜ್ಯ. ಇದು ಕಾನೂನಿಗೆ ವಿರುದ್ಧ ಅಂತ ಅರಸರು ಪ್ರತಿಭಟಿಸಿದರು. ‘ವಿಲೀನವಾಯಿತು’ ಅಂದರೆ ಯಾರೂ ಏನೂ ಮಾಡಲಿಲ್ಲ, ಉಪ್ಪು ನೀರಲ್ಲಿ ಕರಗಿದ ಹಾಗೆ ತಾನಾಗಿಯೇ ಆಯಿತು ಅಂದ ಹಾಗಾಗುತ್ತದೆ, ಅಲ್ವಾ?

ಹಾಗಂತ ‘ಕಬಳಿಸಿತು’ ಅಂದುಬಿಡೋಣವೇ? ಅದೂ ಪೂರ್ತಿ ಸರಿಯಲ್ಲ. ಆಗಲೇ 1973ರಲ್ಲಿ ಅರಸರ ವಿರುದ್ಧ ಜನ ಬೀದಿಗಿಳಿದಿದ್ದರು, ನೇಪಾಳಿ ಮೂಲದವರೇ ಜಾಸ್ತಿ ಇದ್ದ ನಾಡಿನಲ್ಲಿ ಅವರ ಮತಕ್ಕೆ ಬೆಲೆ ಕಡಿಮೆ ಇತ್ತು. 1974ರ ಚುನಾವಣೆಯಲ್ಲಿ ಕಾಜಿ ಲೆಂಡುಪ್ ದೋರ್ಜಿ ಅವರ ಸಿಕ್ಕಿಂ ಕಾಂಗ್ರೆಸ್ 32ರಲ್ಲಿ 31 ಸ್ಥಾನ ಗೆದ್ದಿತು. ‘ಕಬಳಿಸಿತು’ ಅಂದರೆ ಇವರೆಲ್ಲ ಮಾಯ. ಇನ್ನೊಂದು ಕಡೆ, ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದಾಗಲೇ 1978ರಲ್ಲಿ ಸಿಕ್ಕಿಮನ್ನು ಸೇರಿಸಿಕೊಂಡದ್ದು ತಪ್ಪು, ಆದರೆ ಈಗ ಹಿಂದಕ್ಕೆ ಹೋಗಲು ಆಗದು ಎಂಬ ಅರ್ಥದಲ್ಲಿ ಹೇಳಿದ್ದರು.

ಧಾರವಾಡದ ಕಡೆ ‘ಸಂಸ್ಥಾನ ಖಾಲ್ಸಾ ಮಾಡಿದರು’ ಎಂಬ ಮಾತಿದೆ, ಅಂದರೆ ಅರಸರಿಂದ ತೆಗೆದು ಸರಕಾರದ ವಶಕ್ಕೆ ತೆಗೆದುಕೊಂಡರು ಅಂತ. ಮಾಡಿದವರು ಯಾರು ಅನ್ನೋದು ಅದರಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ. ನನಗೆ ಇಷ್ಟವಾದ ಪದ, ಆದರೆ ಮೈಸೂರು ಕಡೆಯ ಓದುಗರಿಗೆ ಅರ್ಥವಾಗುತ್ತದೆಯೇ? ಸದ್ಯಕ್ಕೆ ‘ಭಾರತ ಸಿಕ್ಕಿಮನ್ನು ಸೇರಿಸಿಕೊಂಡಿತು’ ಅಂತ ಬರೆದಿದ್ದೇನೆ. ಸಪ್ಪೆ, ಆದರೆ ಕರ್ತೃ ಇದ್ದಾನೆ.

ಇನ್ನೊಂದು ತೊಡಕು ಸಿಕ್ಕಿಂ ಅರಸರ ಬಿರುದು, ಚೋಗ್ಯಾಲ್. ಟಿಬೆಟನ್ನಿನಲ್ಲಿ ಚೋ ಅಂದರೆ ಧರ್ಮ, ಗ್ಯಾಲ್ ಅಂದರೆ ರಾಜ. ‘ಧರ್ಮರಾಜ’ ಅಂತ ಬರೆದರೆ ನಮ್ಮವರಿಗೆ ಪಾಂಡವರ ಹಿರಿಯಣ್ಣನೋ ಯಮನೋ ನೆನಪಾಗುತ್ತಾರೆ! ಕದಂಬರ ಶಾಸನಗಳ ‘ಧರ್ಮಮಹಾರಾಜ’ ಅರ್ಥಕ್ಕೆ ಹತ್ತಿರ, ಆದರೆ 1963ರಲ್ಲಿ ಅಮೆರಿಕದ ಹೋಪ್ ಕುಕ್ ಅವರನ್ನು ಮದುವೆಯಾಗಿ, ಹ್ಯಾಮ್ (ಹವ್ಯಾಸಿ) ರೇಡಿಯೋ ಹುಚ್ಚು ಹಚ್ಚಿಕೊಂಡಿದ್ದ ಮನುಷ್ಯನಿಗೆ ಆ ಕಿರೀಟ ತುಸು ಭಾರವೇ. ಚೋಗ್ಯಾಲ್ ಅಂತಲೇ ಬಿಡುತ್ತೇನೆ.

ಉಳಿದದ್ದು ಭಾರತದ ಜೊತೆಗಿನ 1950ರ ಒಪ್ಪಂದದಿಂದ ಸಿಕ್ಕಿಂಗೆ ಬಂದ ಸ್ಥಿತಿ, ಇಂಗ್ಲಿಷಿನ ‘ಪ್ರೊಟೆಕ್ಟರೇಟ್’. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಭಾರತದ ಕೈಯಲ್ಲಿ, ಒಳಗಿನ ಆಡಳಿತ ಅರಸರದು. ‘ಸಂರಕ್ಷಿತ ರಾಜ್ಯ’ ಅಂದರೆ ಹುಲಿಗಳ ಅಭಯಾರಣ್ಯದ ಹಾಗೆ ಕೇಳುತ್ತದೆ. ‘ಆಶ್ರಿತ ರಾಜ್ಯ’ ಆಗಬಹುದೇ? ನೀವು ಏನು ಬಳಸುತ್ತೀರಿ, ತಿಳಿಸಿ.