ಕಥೆಯ ಅಂಶಗಳ ಪಟ್ಟಿ ಬಾಯಿಪಾಠ ಆಗಿದೆ, ಕಥೆಯೊಳಗೆ ಮಾತ್ರ ಅವು ಕಾಣಿಸುತ್ತಿಲ್ಲ

ಓದುಗುಳಿ

ಎಲ್ಲರಿಗೂ ನಮಸ್ಕಾರ. ಸಣ್ಣಕಥೆ ಬಗ್ಗೆ ಒಂದು ತೀರಾ ಬುಡದ ಪ್ರಶ್ನೆ, ಬೈಯಬೇಡಿ. ಕಥಾಹಂದರ, ಪಾತ್ರ, ಹಿನ್ನೆಲೆ, ಸಂಘರ್ಷ, ನಿರೂಪಣೆ, ಆಶಯ. ಈ ಪಟ್ಟಿ ಎಲ್ಲಿ ಹುಡುಕಿದರೂ ಸಿಗುತ್ತದೆ. ಒಂದೊಂದಕ್ಕೂ ಎರಡು ಸಾಲಿನ ವಿವರಣೆ ಕೊಟ್ಟಿರುತ್ತಾರೆ, ಪರೀಕ್ಷೆಯಲ್ಲಿ ಕೇಳಿದರೆ ಪೂರ್ತಿ ಅಂಕ ತೆಗೆದುಕೊಳ್ಳಬಹುದು. ಆದರೆ ಒಂದು ಒಳ್ಳೆಯ ಕಥೆ ಓದಿ ಮುಗಿಸಿ, ಇದರಲ್ಲಿ ಸಂಘರ್ಷ ಎಲ್ಲಿದೆ, ಆಶಯ ಯಾವುದು ಅಂತ ಹುಡುಕಲು ಹೊರಟರೆ ಒಂದರೊಳಗೆ ಇನ್ನೊಂದು ಸೇರಿಕೊಂಡು ಯಾವುದೂ ಕೈಗೆ ಸಿಗುವುದಿಲ್ಲ.

ಕಥೆಗೂ ಕಥಾಹಂದರಕ್ಕೂ ನಿಜವಾಗಿ ಏನು ವ್ಯತ್ಯಾಸ? ಆರಂಭ, ಏರಿಕೆ, ತುದಿ, ಇಳಿಕೆ ಅಂತ ಬೆಟ್ಟದ ಹಾಗೆ ಒಂದು ಚಿತ್ರ ಬಿಡಿಸಿರುತ್ತಾರಲ್ಲ, ಅದು ಪ್ರತಿ ಕಥೆಗೂ ಬೇಕೇ ಬೇಕಾ? ಮತ್ತೆ ಬರೆಯಲು ಕೂತಾಗ ಯಾವುದರಿಂದ ಶುರು ಮಾಡುವುದು?

ಸದ್ಯಕ್ಕೆ ನನ್ನ ಹತ್ತಿರ ಇರುವುದು ಇಷ್ಟೇ. ಅಪ್ಪ ತೀರಿಕೊಂಡಿದ್ದಾರೆ. ಅಣ್ಣ ತಮ್ಮ ಸೇರಿ ಅವರ ಮನೆ ಖಾಲಿ ಮಾಡುತ್ತಿದ್ದಾರೆ. ಕಪಾಟಿನಲ್ಲಿ ಒಂದು ಜೊತೆ ಹೊಸ ಶೂ ಸಿಗುತ್ತದೆ, ಅಪ್ಪನ ಅಳತೆಯದಲ್ಲ. ಇಲ್ಲಿಂದ ಮುಂದಕ್ಕೆ ಓಡುತ್ತಿಲ್ಲ. ಇದು ಕಥೆಯಾ, ಬರೀ ಸನ್ನಿವೇಶವಾ?

ಮಸಿಕುಡಿಕೆ

ಸನ್ನಿವೇಶ. ಆದರೆ ಒಳ್ಳೆಯ ಸನ್ನಿವೇಶ, ಬಿಡಬೇಡಿ.

ಮೊದಲ ಪ್ರಶ್ನೆಗೆ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿ ಬಗ್ಗೆ ಕೊಟ್ಟ ಉಪನ್ಯಾಸಗಳಲ್ಲಿ ಹೇಳಿದ ಉದಾಹರಣೆಯೇ ಈಗಲೂ ಸುಲಭ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಅದು ಕಥೆ. ರಾಜ ಸತ್ತ, ಆ ದುಃಖಕ್ಕೆ ರಾಣಿಯೂ ಸತ್ತಳು ಅಂದರೆ ಕಥಾಹಂದರ. ಮೊದಲನೆಯದಕ್ಕೆ ಕೇಳುವವರು 'ಆಮೇಲೆ?' ಅನ್ನುತ್ತಾರೆ, ಎರಡನೆಯದಕ್ಕೆ 'ಯಾಕೆ?' ಅನ್ನುತ್ತಾರೆ. ಅಷ್ಟೇ ವ್ಯತ್ಯಾಸ, ಆದರೆ ಅದು ಸಣ್ಣದಲ್ಲ. ಎಷ್ಟೋ ಹೊಸಬರ ಕಥೆಗಳಲ್ಲಿ ಬೇಕಾದಷ್ಟು ನಡೆಯುತ್ತದೆ, ಅಪಘಾತ ಆಗುತ್ತದೆ, ಮದುವೆ ಮುರಿಯುತ್ತದೆ, ಯಾರೋ ಊರು ಬಿಡುತ್ತಾರೆ, ಆದರೂ ಓದುವವರಿಗೆ ಏನೂ ನಡೆದ ಹಾಗೆ ಅನಿಸುವುದಿಲ್ಲ. ಯಾಕೆಂದರೆ ಒಂದು ಘಟನೆ ಇನ್ನೊಂದನ್ನು ತಳ್ಳುತ್ತಿರುವುದಿಲ್ಲ, ಸುಮ್ನೆ ಸಾಲಾಗಿ ನಿಂತಿರುತ್ತವೆ.

ನಿಮ್ಮ ಶೂಗೆ ಬನ್ನಿ. ಶೂ ಸಿಕ್ಕಿತು, ಸರಿ. ಅಣ್ಣನಿಗೆ ಏನು ಬೇಕು? ತಮ್ಮನಿಗೆ ಏನು ಬೇಕು? ಶೂ ಅಂತಲ್ಲ, ಆ ದಿನ ಆ ಮನೆಯಲ್ಲಿ ಇಬ್ಬರಿಗೂ ಏನು ಬೇಕಾಗಿದೆ? ಅಣ್ಣನಿಗೆ ಸಂಜೆಯೊಳಗೆ ಕೆಲಸ ಮುಗಿಸಿ ಬೀಗ ಹಾಕಿ ಹೊರಡಬೇಕು ಅಂತಿಟ್ಟುಕೊಳ್ಳಿ. ತಮ್ಮನಿಗೆ ಇನ್ನೊಂದು ದಿನ ಅಲ್ಲೇ ಇರಬೇಕು, ಆದರೆ ಹಾಗೆ ಹೇಳಲು ಅವನಿಗೆ ಬಾಯಿ ಬರುವುದಿಲ್ಲ. ಈಗ ಶೂ ಸಿಕ್ಕರೆ ತಮ್ಮ ಅದನ್ನೇ ಹಿಡಿದುಕೊಂಡು ತಡ ಮಾಡುತ್ತಾನೆ, ಬಿಲ್ ಹುಡುಕುತ್ತಾನೆ, ಅಂಗಡಿಗೆ ಫೋನ್ ಮಾಡೋಣ ಅನ್ನುತ್ತಾನೆ. ಅಣ್ಣ ರೇಗುತ್ತಾನೆ. ಸಂಘರ್ಷ ಅಂದರೆ ಇದೇ. ಹೊಡೆದಾಟ ಬೇಕಿಲ್ಲ, ಬೇಕು ಅನ್ನುವುದಕ್ಕೂ ಸಿಗುತ್ತಿಲ್ಲ ಅನ್ನುವುದಕ್ಕೂ ನಡುವಿನ ಎಳೆದಾಟ ಸಾಕು. ಮತ್ತೆ ನೋಡಿ, ಪಾತ್ರ ಯಾವುದು, ಸಂಘರ್ಷ ಯಾವುದು, ಕಥಾಹಂದರ ಯಾವುದು ಅಂತ ಇಲ್ಲಿ ಬೇರೆ ಬೇರೆ ಮಾಡಲು ಆಗುತ್ತದಾ? ತಮ್ಮ ಅಂಥವನು ಆಗಿರುವುದರಿಂದಲೇ ತಡ ಆಗುತ್ತದೆ, ತಡ ಆಗುವುದರಿಂದಲೇ ಜಗಳ. ಪಟ್ಟಿಯಲ್ಲಿ ಬೇರೆ ಬೇರೆ ಹೆಸರಿದೆ ಅಂತ ಕಥೆಯಲ್ಲೂ ಬೇರೆ ಬೇರೆ ಕಾಣಬೇಕು ಅಂದುಕೊಂಡದ್ದೇ ನಿಮ್ಮ ತಲೆನೋವಿಗೆ ಕಾರಣ.

ಕಟ್ಟೆಮಾತು

ಮೇಲಿನ ಉತ್ತರ ಚೆನ್ನಾಗಿದೆ. ಆದರೆ ಸಂಘರ್ಷ ಇಲ್ಲದಿದ್ದರೆ ಕಥೆಯೇ ಇಲ್ಲ ಅನ್ನುವ ವಾಸನೆ ಬರುತ್ತಿದೆ, ಅದಕ್ಕೆ ನನ್ನ ತಕರಾರು ಇದೆ.

ಮೊದಲು ಆ ಬೆಟ್ಟದ ಚಿತ್ರ. ಅದು ಗುಸ್ತಾವ್ ಫ್ರೈಟಾಗ್ ಅನ್ನುವ ಜರ್ಮನ್ ಬರಹಗಾರ 1863ರಲ್ಲಿ ಕೊಟ್ಟದ್ದು. ಅವನು ನೋಡುತ್ತಿದ್ದದ್ದು ನಾಟಕಗಳನ್ನು, ಅದರಲ್ಲೂ ಗ್ರೀಕರ ಮತ್ತು ಶೇಕ್ಸ್‌ಪಿಯರ್‌ನ ದುರಂತಗಳನ್ನು. ಐದು ಅಂಕದ ನಾಟಕ ಹೇಗೆ ನಿಲ್ಲುತ್ತದೆ ಅಂತ ವಿವರಿಸಲು ಹುಟ್ಟಿದ ಚಿತ್ರವನ್ನು ಮೂರು ಪುಟದ ಕಥೆಗೂ ಅಂಟಿಸಿ, ಇದರ ತುದಿ ಎಲ್ಲಿ ಗುರುತಿಸಿ ಅಂದರೆ ಗೊಂದಲ ಆಗದೆ ಇನ್ನೇನಾಗುತ್ತದೆ? ನಾಟಕಕ್ಕೆ ಇಳಿಕೆ ಬೇಕು, ರಾಜನ ಪತನವನ್ನು ಕಣ್ಣಾರೆ ನೋಡಬೇಕು. ಸಣ್ಣಕಥೆ ಎಷ್ಟೋ ಸಲ ತುದಿಯ ಹತ್ತಿರವೇ ನಿಂತು ಬಿಡುತ್ತದೆ. ಕೆಲವು ತುದಿ ಮುಟ್ಟುವ ಒಂದು ಹೆಜ್ಜೆ ಮೊದಲೇ ಮುಗಿಯುತ್ತವೆ.

ಇನ್ನು ಸಂಘರ್ಷ. ಜಪಾನಿನಲ್ಲಿ ಕಿ-ಶೋ-ತೆನ್-ಕೆತ್ಸು ಅನ್ನುವ ನಾಲ್ಕು ಹಂತದ ಕಟ್ಟು ಇದೆ, ಅದರ ಮೂಲ ಚೀನಾದ ನಾಲ್ಕು ಸಾಲಿನ ಪದ್ಯಗಳು. ಮೊದಲ ಹಂತದಲ್ಲಿ ವಿಷಯ ಇಡುತ್ತಾರೆ, ಎರಡರಲ್ಲಿ ಅದನ್ನೇ ಬೆಳೆಸುತ್ತಾರೆ, ಮೂರರಲ್ಲಿ ಸಂಬಂಧವೇ ಇಲ್ಲದಂತೆ ಕಾಣುವ ಬೇರೊಂದು ಬಂದು ತಿರುವು ಕೊಡುತ್ತದೆ, ನಾಲ್ಕರಲ್ಲಿ ಎರಡೂ ಒಂದಾಗುತ್ತವೆ. ಯಾರೂ ಯಾರ ವಿರುದ್ಧವೂ ನಿಲ್ಲಬೇಕಾಗಿಲ್ಲ. ನಿಮ್ಮ ಕಥೆಯನ್ನೇ ಹಾಗೆ ಯೋಚಿಸಿ. ಇಬ್ಬರೂ ಶಾಂತವಾಗಿ ಸಾಮಾನು ಕಟ್ಟುತ್ತಾರೆ, ಶೂ ಸಿಗುತ್ತದೆ, ಪಕ್ಕಕ್ಕಿಡುತ್ತಾರೆ. ಆಮೇಲೆ ಇದ್ದಕ್ಕಿದ್ದ ಹಾಗೆ ಬೇರೆಯದೇ ದೃಶ್ಯ, ಅಪ್ಪ ಬದುಕಿದ್ದಾಗ ಅಂಗಡಿಯಲ್ಲಿ ನಿಂತು ಅಳತೆ ನೆನಪಾಗದೆ ಒದ್ದಾಡುತ್ತಿದ್ದಾರೆ. ಮತ್ತೆ ವಾಪಸ್ ಮನೆಗೆ. ಜಗಳ ಬೇಡವೇ ಬೇಡ, ಓದುವವರೇ ಎರಡನ್ನೂ ಸೇರಿಸಿಕೊಳ್ಳುತ್ತಾರೆ.

ಎಲ್ಲಕ್ಕೂ ಅನ್ವಯಿಸುವ ಒಂದು ಮಾತು ಬೇಕು ಅಂದರೆ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1842ರಲ್ಲಿ ಒಂದು ವಿಮರ್ಶೆಯಲ್ಲಿ ಹೇಳಿದ್ದನ್ನು ಹಿಡಿದುಕೊಳ್ಳಿ. ಸಣ್ಣಕಥೆಯನ್ನು ಒಂದೇ ಸಲ ಕೂತು ಓದಿ ಮುಗಿಸಬೇಕು, ಅದರಲ್ಲಿರುವುದೆಲ್ಲ ಒಂದೇ ಪರಿಣಾಮದ ಕಡೆಗೆ ಕೆಲಸ ಮಾಡಬೇಕು ಅಂತ ಅವನ ವಾದ. ಕಾದಂಬರಿಗೆ ದಾರಿ ತಪ್ಪುವ ಸ್ವಾತಂತ್ರ್ಯ ಇದೆ. ಸಣ್ಣಕಥೆಗೆ ಜಾಸ್ತಿ ಇಲ್ಲ.

ಓದುಗುಳಿ

ತುಂಬಾ ಧನ್ಯವಾದ. ಬೆಟ್ಟದ ಚಿತ್ರ ನಾಟಕದ್ದು ಅಂತ ಗೊತ್ತಾಗಿ ಒಂದು ಭಾರ ಇಳಿಯಿತು ನಿಜಕ್ಕೂ.

ಒಂದು ವಿಷಯಕ್ಕೆ ಯಾರೂ ಕೈ ಹಾಕಲಿಲ್ಲ. ನಿರೂಪಣೆ. 'ನಾನು' ಅಂತ ಬರೆಯುವುದು, 'ಅವನು' ಅಂತ ಬರೆಯುವುದು, ಇಷ್ಟೇ ಅಲ್ವಾ? ಇದನ್ನು ಯಾಕೆ ಅಷ್ಟು ದೊಡ್ಡದು ಮಾಡುತ್ತಾರೆ?

ನಿಧಾನಗತಿ

ದೊಡ್ಡದು ಮಾಡುವುದಕ್ಕೆ ಕಾರಣ ಇದೆ. ನನ್ನ ಪ್ರಕಾರ ನಿಮ್ಮ ಮೂರನೇ ಪ್ರಶ್ನೆಗೆ, ಅಂದರೆ ಯಾವುದರಿಂದ ಶುರು ಮಾಡುವುದು ಅನ್ನುವುದಕ್ಕೆ, ಉತ್ತರವೇ ಇದು. ಯಾರು ಹೇಳುತ್ತಿದ್ದಾರೆ ಅಂತ ತೀರ್ಮಾನ ಆಗುವ ತನಕ ಉಳಿದದ್ದು ಯಾವುದೂ ಗಟ್ಟಿಯಾಗುವುದಿಲ್ಲ. ಹೇಳಿದರೆ ನಂಬುವುದು ಕಷ್ಟ, ಬರೆದೇ ತೋರಿಸುತ್ತೇನೆ. ನಿಮ್ಮದೇ ಕಪಾಟು, ನಿಮ್ಮದೇ ಶೂ.

ತಮ್ಮ ಹೇಳಿದರೆ ಹೀಗೆ:

"ಡಬ್ಬಿ ತೆರೆದಾಗ ಹೊಸ ಚರ್ಮದ ವಾಸನೆ ಬಂತು. ಒಳಗಿನ ಕಾಗದ ಕೂಡ ಹಾಗೇ ಇತ್ತು. ಅಣ್ಣ ಅತ್ತ ತಿರುಗಿ ಪುಸ್ತಕ ಕಟ್ಟುತ್ತಿದ್ದ. ನಾನು ಡಬ್ಬಿಯನ್ನು ಮೆಲ್ಲಗೆ ಮುಚ್ಚಿ ನನ್ನ ಚೀಲದ ಹತ್ತಿರ ಇಟ್ಟೆ. ಅಪ್ಪ ನನಗೇ ತಂದಿದ್ದರು ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ."

ಅಣ್ಣನ ಹೆಗಲ ಮೇಲಿಂದ ನೋಡಿದರೆ ಹೀಗೆ:

"ತಮ್ಮ ಏನೋ ಡಬ್ಬಿ ಮುಚ್ಚಿದ ಸದ್ದು ಅವನಿಗೆ ಕೇಳಿಸಿತು. ತಿರುಗಲಿಲ್ಲ. ಚಿಕ್ಕಂದಿನಿಂದಲೂ ಹಾಗೆ, ಬೇಕಾದ್ದು ಸಿಕ್ಕಿದಾಗಲೇ ಇವನು ಸದ್ದು ಮಾಡದೆ ಇರುವುದು. ಹಗ್ಗದ ಗಂಟನ್ನು ಇನ್ನೊಂದು ಸಲ ಬಿಗಿದ."

ನಡೆದದ್ದು ಎರಡರಲ್ಲೂ ಒಂದೇ, ಒಬ್ಬ ಡಬ್ಬಿ ಮುಚ್ಚಿದ. ಮೊದಲನೆಯದರಲ್ಲಿ ಅದು ಅಪ್ಪನ ಪ್ರೀತಿಯ ಕಥೆ ಆಗುವ ಹಾಗೆ ಕಾಣುತ್ತದೆ, ಆದರೆ ಆ ಕೊನೆಯ ಸಾಲು ನೋಡಿ. ಅನುಮಾನವೇ ಇರಲಿಲ್ಲ ಅಂತ ಹೇಳಿಕೊಳ್ಳುವವನ ಮೇಲೆ ನಮಗೆ ಅನುಮಾನ ಶುರುವಾಗುತ್ತದೆ. ಅಷ್ಟು ಖಾತ್ರಿ ಇದ್ದವನು ಮೆಲ್ಲಗೆ ಯಾಕೆ ಮುಚ್ಚಿದ? 'ನಾನು' ಅಂತ ಹೇಳುವವನು ತನಗೆ ಗೊತ್ತಿದ್ದಷ್ಟನ್ನೇ ಹೇಳಬಲ್ಲ, ಅದರಲ್ಲೂ ತನಗೆ ಅನುಕೂಲ ಆಗುವಷ್ಟು. ಓದುಗರು ಅವನ ಮಾತಿನ ಪಕ್ಕದಲ್ಲಿ ನಿಂತು ಬೇರೆ ಏನನ್ನೋ ನೋಡುತ್ತಾರೆ. ಎರಡನೆಯದು ಇಬ್ಬರ ನಡುವಿನ ಹಳೆಯ ಲೆಕ್ಕದ ಕಥೆ. ಅಲ್ಲಿ ಶೂ ಕಣ್ಣಿಗೇ ಬಿದ್ದಿಲ್ಲ, ಬರೀ ಸದ್ದು.

ಮೂರನೇ ದಾರಿ ಎಲ್ಲ ಗೊತ್ತಿರುವ ನಿರೂಪಕ. ಇಬ್ಬರ ತಲೆಯೊಳಗೂ ಹೋಗಬಹುದು, ತೀರಿಕೊಂಡ ಅಪ್ಪನ ಮನಸ್ಸಿಗೂ ಹೋಗಬಹುದು. ಕಟ್ಟೆಮಾತು ಅವರು ಹೇಳಿದ ಆ ಅಂಗಡಿ ದೃಶ್ಯ ಬೇಕಾದರೆ ಇದೇ ಗತಿ, ಯಾಕೆಂದರೆ ಮಕ್ಕಳಿಬ್ಬರೂ ಅಲ್ಲಿ ಇರಲಿಲ್ಲ. ಸಣ್ಣಕಥೆಯಲ್ಲಿ ಇದು ಸುಲಭ ಅಲ್ಲ. ಎಲ್ಲ ಗೊತ್ತಿದ್ದೂ ಯಾಕೆ ಹೇಳುತ್ತಿಲ್ಲ ಅಂತ ಓದುವವರಿಗೆ ಕಿರಿಕಿರಿ ಆಗಬಹುದು.

ಹೊಸಬರಲ್ಲಿ ಜಾಸ್ತಿ ಕಾಣುವ ತೊಂದರೆ ಬೇರೆ. ಅಣ್ಣನ ತಲೆಯೊಳಗೆ ಶುರು ಮಾಡಿ, ನಡುವೆ ಒಂದೇ ಒಂದು ಸಾಲಿಗೆ ತಮ್ಮನ ತಲೆಗೆ ಹಾರಿ, ಮತ್ತೆ ವಾಪಸ್. ಓದುವಾಗ ಏನೋ ಸರಿ ಇಲ್ಲ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಬರೆದು ಮುಗಿಸಿದ ಮೇಲೆ ಪ್ರತಿ ಸಾಲಿಗೂ 'ಇದು ಯಾರಿಗೆ ಗೊತ್ತಿತ್ತು?' ಅಂತ ಕೇಳಿಕೊಂಡು ಬನ್ನಿ, ಸಿಕ್ಕಿಬೀಳುತ್ತದೆ.

ಅರೆಬರೆ

ಹಿನ್ನೆಲೆ ಬಗ್ಗೆ ಎರಡೇ ಮಾತು. ಮನೆ ಹೇಗಿತ್ತು ಅಂತ ಮೊದಲ ಪ್ಯಾರಾ ಪೂರ್ತಿ ವರ್ಣನೆ ಮಾಡಬೇಡಿ ದಯವಿಟ್ಟು. ಗೋಡೆಯ ಮೇಲೆ ಕ್ಯಾಲೆಂಡರ್ ತೆಗೆದ ಜಾಗದಲ್ಲಿ ಬಣ್ಣ ಗಾಢವಾಗಿ ಉಳಿದಿದೆ ಅಂದರೆ ಸಾಕು. ಮನೆ ಹಳೆಯದು, ಸುಣ್ಣಬಣ್ಣ ಕಂಡು ಕಾಲ ಆಗಿದೆ, ಖಾಲಿ ಆಗುತ್ತಿದೆ ಅಂತ ಒಂದೇ ಸಾಲಿನಲ್ಲಿ ಬಂತು. ನಿಧಾನಗತಿ ಅವರ ಮಾತಿಗೂ ಇದು ಕೂಡುತ್ತದೆ, ಅವಸರದಲ್ಲಿರುವ ಅಣ್ಣನ ಕಣ್ಣಿಗೆ ಆ ಗುರುತು ಬೀಳುವುದೇ ಇಲ್ಲ, ತಮ್ಮನ ಕಣ್ಣಿಗೆ ಬೀಳುತ್ತದೆ.

ಆಶಯ ಯಾವುದು ಅಂತ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. 'ಹೆತ್ತವರ ಪ್ರೀತಿ ದೊಡ್ಡದು' ಅಂತ ಮೊದಲೇ ಬರೆದಿಟ್ಟುಕೊಂಡು ಕೂತರೆ ಪಾತ್ರಗಳು ಭಾಷಣ ಶುರು ಮಾಡುತ್ತವೆ. ರಷ್ಯಾದ ಕಥೆಗಾರ, ನಾಟಕಕಾರ ಚೆಕಾವ್ 1888ರ ಒಂದು ಪತ್ರದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ಸಮಸ್ಯೆಯನ್ನು ಬಗೆಹರಿಸುವುದು ಬೇರೆ, ಪ್ರಶ್ನೆಯನ್ನು ಸರಿಯಾಗಿ ಮುಂದಿಡುವುದು ಬೇರೆ, ಕಲಾವಿದನಿಂದ ಕೇಳಬಹುದಾದದ್ದು ಎರಡನೆಯದು ಮಾತ್ರ ಅಂತ.

ಮಸಿಕುಡಿಕೆ

ಕಟ್ಟೆಮಾತು ಅವರೇ, ನಿಮ್ಮ ತಕರಾರನ್ನು ಅರ್ಧ ಒಪ್ಪುತ್ತೇನೆ. ಜಗಳ ಇಲ್ಲದ ಕಥೆ ಇರಬಹುದು. ಆದರೆ ನೀವು ಕೊಟ್ಟ ಉದಾಹರಣೆಯಲ್ಲೇ ಅಪ್ಪ ಅಳತೆ ನೆನಪಾಗದೆ ಒದ್ದಾಡುತ್ತಿದ್ದಾರಲ್ಲ, ಅವರಿಗೆ ಏನೋ ಬೇಕು, ಸಿಗುತ್ತಿಲ್ಲ. ನಾನು ಹೇಳಿದ್ದೂ ಅದನ್ನೇ!

ಚೆಕಾವ್ ಹೆಸರು ಬಂದದ್ದಕ್ಕೆ ಇನ್ನೊಂದು. ರಂಗದ ಮೇಲೆ ತುಂಬಿದ ಬಂದೂಕು ಇಟ್ಟರೆ ಯಾರಾದರೂ ಅದನ್ನು ಹಾರಿಸುವ ಯೋಚನೆ ಇರಬೇಕು ಅಂತ 1889ರಲ್ಲಿ ಬರೆದಿದ್ದ. ಶೂ ತೋರಿಸಿದ್ದೀರಿ, ಹಾಗಾಗಿ ಅದಕ್ಕೆ ಕೆಲಸ ಕೊಡಿ. ಯಾರಾದರೂ ಹಾಕಿ ನೋಡಬೇಕು, ಇಲ್ಲ ಹಾಕಿ ನೋಡಲು ಒಪ್ಪದೆ ಇರಬೇಕು. ಒಪ್ಪದೆ ಇರುವುದೇ ನನಗೆ ಇಷ್ಟ.

ಓದುಗುಳಿ

ತಮ್ಮನ ಬಾಯಲ್ಲೇ ಹೇಳಿಸುತ್ತೇನೆ ಅಂತ ಅಂದುಕೊಂಡಿದ್ದೇನೆ. ಒಂದೇ ಅನುಮಾನ ಉಳಿದಿದೆ. ಶೂ ಯಾರಿಗೆ ತಂದದ್ದು ಅಂತ ಕೊನೆಗೆ ಹೇಳಲೇಬೇಕಾ?

ನಿಧಾನಗತಿ

ಓದುಗರಿಗೆ ಹೇಳದಿದ್ದರೂ ನಡೆಯುತ್ತದೆ, ನಿಮಗೆ ಗೊತ್ತಿರಬೇಕು. ಅಮೆರಿಕದ ಕಥೆಗಾರ ಹೆಮಿಂಗ್ವೇ 1932ರಲ್ಲಿ ನೀರಿನಲ್ಲಿ ತೇಲುವ ಹಿಮಗಡ್ಡೆಯ ಉದಾಹರಣೆ ಕೊಟ್ಟಿದ್ದ, ಎಂಟರಲ್ಲಿ ಒಂದು ಪಾಲು ಮಾತ್ರ ಮೇಲೆ ಕಾಣುತ್ತದೆ ಅಂತ. ಎಲ್ಲರೂ ಅಷ್ಟಕ್ಕೇ ನಿಲ್ಲಿಸುತ್ತಾರೆ. ಅದೇ ಜಾಗದಲ್ಲಿ ಅವನು ಇನ್ನೊಂದು ಮಾತನ್ನೂ ಸೇರಿಸಿದ್ದಾನೆ. ಬರಹಗಾರ ತನಗೆ ಗೊತ್ತಿಲ್ಲ ಅನ್ನುವ ಕಾರಣಕ್ಕೆ ಬಿಟ್ಟದ್ದು ಬರವಣಿಗೆಯಲ್ಲಿ ಟೊಳ್ಳಾಗಿ ಉಳಿಯುತ್ತದೆ.

ಹಾಗಾಗಿ ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ನಿಮಗೋಸ್ಕರ ಬರೆದಿಟ್ಟುಕೊಳ್ಳಿ. ಅಪ್ಪ ಯಾವಾಗ ಕೊಂಡರು, ಯಾರಿಗೆ, ಕೊಡದೆ ಯಾಕೆ ಇಟ್ಟುಕೊಂಡರು. ಅಣ್ಣ ತಮ್ಮ ಇಬ್ಬರ ಕಾಲಿನ ಅಳತೆ ಒಂದೇನಾ ಅನ್ನುವುದನ್ನೂ ಈಗಲೇ ತೀರ್ಮಾನ ಮಾಡಿ, ಒಂದೇ ಆದರೆ ಒಂದು ಕಥೆ, ಅಲ್ಲದಿದ್ದರೆ ಬೇರೆಯದೇ ಕಥೆ. ಮೊದಲ ಕರಡು ಆದಾಗ ಇಲ್ಲೇ ಹಾಕಿ, ಓದುತ್ತೇವೆ.