ಜಿಎಸ್‌ಟಿ ಕಚೇರಿಗೂ ಮಗನ ಓದಿಗೂ ಒಂದೇ ಗೇಮಿಂಗ್ ಡೆಸ್ಕ್‌ಟಾಪ್ ಸಾಕೇ, ಕಚೇರಿಗೆ ಪುಟ್ಟ ಕಂಪ್ಯೂಟರ್ ಬೇರೆ ಬೇಕೇ?

ಪ್ರಶ್ನೆ: ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಲೆಕ್ಕಪತ್ರ ಬರೆದು ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವ ಸಣ್ಣ ಕಚೇರಿ ನಡೆಸುತ್ತಿದ್ದೇನೆ. ಆಲೂಗಡ್ಡೆ ಮಂಡಿಯವರು, ಕಾಫಿ ಮತ್ತು ಮೆಣಸಿನ ವ್ಯಾಪಾರಿಗಳು, ಒಂದಷ್ಟು ಅಂಗಡಿಯವರು ನನ್ನಲ್ಲಿ ಲೆಕ್ಕ ಬರೆಸುತ್ತಾರೆ. ದಿನವಿಡೀ ಟ್ಯಾಲಿ, ಎಕ್ಸೆಲ್ ಮತ್ತು ಜಿಎಸ್‌ಟಿ ಪೋರ್ಟಲ್ ತೆರೆದಿರುತ್ತವೆ. ಅದಕ್ಕಿಂತ ಭಾರವಾದ ಕೆಲಸವಿಲ್ಲ. ಈಗಿರುವ ಕಂಪ್ಯೂಟರಿನಲ್ಲಿ ವಿಂಡೋಸ್ 11 ನಡೆಯುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದರಿಂದ, ಬೇರೆಯವರ ಪ್ಯಾನ್ ಮತ್ತು ಬ್ಯಾಂಕ್ ವಿವರಗಳನ್ನು ಅದರಲ್ಲಿಟ್ಟುಕೊಂಡು ಕೆಲಸ ಮಾಡಲು ಮನಸ್ಸು ಒಪ್ಪುತ್ತಿಲ್ಲ.

ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ, ಮನೆಯಿಂದಲೇ ಕಾಲೇಜಿಗೆ ಹೋಗಿಬರುತ್ತಾನೆ. ಅವನಿಗೆ ಸಾಲಿಡ್‌ವರ್ಕ್ಸ್ (ಯಂತ್ರಭಾಗಗಳನ್ನು ಮೂರು ಆಯಾಮದಲ್ಲಿ ವಿನ್ಯಾಸ ಮಾಡುವ ತಂತ್ರಾಂಶ) ಬೇಕು. ರಾತ್ರಿ ಹೊತ್ತು ಗೆಳೆಯರ ಜೊತೆ ಆಟವನ್ನೂ ಆಡುತ್ತಾನೆ. "ಅಮ್ಮಾ, ಗ್ರಾಫಿಕ್ಸ್ ಕಾರ್ಡ್ ಇರುವ ದೊಡ್ಡ ಡೆಸ್ಕ್‌ಟಾಪ್ ತೆಗೆದುಕೊಂಡರೆ ನಿನ್ನ ಟ್ಯಾಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ಇಬ್ಬರಿಗೂ ಆಗುತ್ತದೆ" ಎನ್ನುವುದು ಅವನ ವಾದ. ಅಂಗಡಿಯವರು ಮಾನಿಟರಿನ ಬೆನ್ನಿಗೆ ಸ್ಕ್ರೂ ಹಾಕಿ ಕೂರಿಸುವ ಪುಟ್ಟ ಕಂಪ್ಯೂಟರೇ ಕಚೇರಿಗೆ ಧಾರಾಳವಾಯಿತು ಎನ್ನುತ್ತಾರೆ. ಹೆಚ್ಚೆಂದರೆ 90,000 ರೂಪಾಯಿ ಹೊಂದಿಸಬಲ್ಲೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಚಿಕ್ಕಮಗಳೂರಿನಿಂದ

ಮೇಡಂ, ನಾನು ಕಂಪ್ಯೂಟರ್ ಜೋಡಣೆ ಮತ್ತು ದುರಸ್ತಿಯ ಕೆಲಸದಲ್ಲಿದ್ದೇನೆ. ಗೇಮಿಂಗ್ ಕಂಪ್ಯೂಟರಿಗೆ ಟ್ಯಾಲಿ ಭಾರವೇ ಅಲ್ಲ ಎಂದು ನಿಮ್ಮ ಮಗ ಹೇಳಿದ್ದು ಸರಿ. ಆದರೂ ಒಂದೇ ಕಂಪ್ಯೂಟರನ್ನು ಇಬ್ಬರೂ ಹಂಚಿಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ. ಅದರ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ನಿಮ್ಮ ಕೆಲಸದ ಗಡುವು ಮತ್ತು ನಿಮ್ಮಲ್ಲಿರುವ ದತ್ತಾಂಶದ ಸುರಕ್ಷತೆಯನ್ನು ಮೊದಲು ನೋಡಬೇಕಾಗುತ್ತದೆ.

ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ಸಲ್ಲಿಸುವ ಗಡುವು. 19ರ ರಾತ್ರಿ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಲು ಹೋಗಿ ಬೆಳಿಗ್ಗೆ ಪರದೆ ಬರದೇ ಹೋದರೆ ನಿಮ್ಮಲ್ಲಿ ಲೆಕ್ಕ ಬರೆಸುವವರೆಲ್ಲರೂ ಕಾಯಬೇಕಾಗುತ್ತದೆ. ಕೆಲವು ಆನ್‌ಲೈನ್ ಆಟಗಳ ಮೋಸ ತಡೆಯುವ ತಂತ್ರಾಂಶ ವಿಂಡೋಸಿನ ತೀರಾ ಒಳಪದರದಲ್ಲಿ ಕೂರುತ್ತದೆ; ವ್ಯಾಲೊರಂಟ್ ಆಟದ ವ್ಯಾನ್‌ಗಾರ್ಡ್ ಅಂತೂ ಕಂಪ್ಯೂಟರ್ ಚಾಲೂ ಆಗುವಾಗಲೇ ಜೊತೆಗೆ ಎದ್ದಿರುತ್ತದೆ. ಅದು ಅಧಿಕೃತವಾದದ್ದೇ ಆದರೂ, ಡಿಜಿಟಲ್ ಸಹಿಯ ಟೋಕನ್ (ಸಹಿ ಇರುವ ಯುಎಸ್‌ಬಿ ಕಡ್ಡಿ) ಸಿಕ್ಕಿಸುವ ಯಂತ್ರದಲ್ಲಿ ಅಂಥದ್ದಕ್ಕೆ ಜಾಗ ಕೊಡುವ ಅಗತ್ಯವಿಲ್ಲ. ಇನ್ನು ಗೆಳೆಯರು ಪೆನ್‌ಡ್ರೈವಿನಲ್ಲಿ ತಂದುಕೊಡುವ ಕ್ರ್ಯಾಕ್ ಮಾಡಿದ ಆಟಗಳ ಜೊತೆಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಬರುವುದು ನಮ್ಮ ಮೇಜಿನ ಮೇಲೆ ಅಪರೂಪದ ಸಂಗತಿಯಲ್ಲ.

ಕಚೇರಿಗೆ ಒಂದು ಲೀಟರ್ ವರ್ಗ ಎಂದು ಕರೆಯುವ ಪುಟ್ಟ ಕಂಪ್ಯೂಟರ್ ನೋಡಿ. ಲೆನೊವೊದ ಥಿಂಕ್‌ಸೆಂಟರ್ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿಯ ಎಲೈಟ್‌ಡೆಸ್ಕ್ ಮಿನಿ ಈ ಬಗೆಯವು. ಉದ್ದಗಲ ಸುಮಾರು 18 ಸೆಂಟಿಮೀಟರ್, ದಪ್ಪ ಮೂರೂವರೆ ಸೆಂಟಿಮೀಟರಿನ ಆಸುಪಾಸು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ಟಿ ಅಕ್ಷರವಿದ್ದರೆ ಅದು ಸಾಮಾನ್ಯವಾಗಿ 35 ವ್ಯಾಟ್ ಲೆಕ್ಕದಲ್ಲಿ ಮಾಡಿದ್ದು. ಲ್ಯಾಪ್‌ಟಾಪಿನಂತೆ ಹೊರಗಿನ ಅಡಾಪ್ಟರಿನಿಂದಲೇ ನಡೆಯುತ್ತದೆ. 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಸಂಗ್ರಹ ಡಿಸ್ಕ್) ಇದ್ದರೆ ನಿಮ್ಮ ಕೆಲಸಕ್ಕೆ ಏನೂ ಕೊರತೆಯಾಗದು.

ಉತ್ತರ 2: ಸಕಲೇಶಪುರದಿಂದ

ನಮ್ಮ ತೋಟದ ಕಚೇರಿಯಲ್ಲಿ ಕೂಲಿ ಬಟವಾಡೆಯ ಲೆಕ್ಕ ಇಂಥದ್ದೇ ಪುಟ್ಟ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ಕರೆಂಟಿನ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಇದನ್ನು ಮೊದಲೇ ಯೋಚಿಸಬೇಕು.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಒಳಗಿರುವುದು 12 ವೋಲ್ಟ್, 7 ಎಎಚ್ ಬ್ಯಾಟರಿ, ಅಂದರೆ 84 ವ್ಯಾಟ್-ಗಂಟೆ. ಪುಟ್ಟ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 45 ವ್ಯಾಟ್ ಎಳೆದರೆ, ಬ್ಯಾಟರಿ ಹೊಸದಿರುವಾಗ ಮುಕ್ಕಾಲು ಗಂಟೆಯಾದರೂ ಸಿಗುತ್ತದೆ. ಆಟ ನಡೆಯುತ್ತಿರುವ ಗೇಮಿಂಗ್ ಡೆಸ್ಕ್‌ಟಾಪ್ 300 ವ್ಯಾಟ್ ಎಳೆಯುತ್ತಿದ್ದರೆ ಅದೇ ಯುಪಿಎಸ್ ಕೆಲವೇ ನಿಮಿಷ ನಿಲ್ಲುತ್ತದೆ. ದೊಡ್ಡದನ್ನು ಕೊಂಡರೆ ಕನಿಷ್ಠ 1000 ವಿಎ ಯುಪಿಎಸ್‌ನ ಖರ್ಚನ್ನೂ ಸೇರಿಸಿಕೊಳ್ಳಿ. ಮನೆಯ ಇನ್ವರ್ಟರಿಗೆ ನೇರವಾಗಿ ಕೊಡುವುದಾದರೆ ಅದು ಶುದ್ಧ ಸೈನ್ ವೇವ್ ಆಗಿರಲಿ, ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ.

ಏಪ್ರಿಲ್, ಮೇ ತಿಂಗಳ ಗುಡುಗು-ಮಿಂಚಿನ ಮಳೆಗೆ ಅರ್ಥಿಂಗ್ ಸರಿಯಿರುವುದು ಯಾವ ಕಂಪ್ಯೂಟರಿಗಾದರೂ ಅತ್ಯಗತ್ಯ. ಫೈಬರ್ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ರೂಟರಿನ ಅಡಾಪ್ಟರಿಗೆ ಬಂದ ಏರುವೋಲ್ಟೇಜು ಲ್ಯಾನ್ ಕೇಬಲಿನ ಮೂಲಕ ಕಂಪ್ಯೂಟರಿಗೂ ಬರಬಹುದು. ಸಿಡಿಲಿನ ಹೊತ್ತಿನಲ್ಲಿ ಆ ಕೇಬಲನ್ನೂ ಕೀಳಬೇಕು.

ಬಿಲ್ಲಿನ ಲೆಕ್ಕವೂ ಇದೆ. 300 ವ್ಯಾಟಿನಂತೆ ದಿನಕ್ಕೆ 4 ಗಂಟೆ ಎಂದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ನಿಗದಿಯಾಗಿರುತ್ತದೆ; ಅದನ್ನು ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ಬಳಕೆ 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಮಗನ ಕೋಣೆ ಮನೆಯ ಮೀಟರಿನಲ್ಲಿದ್ದರೆ ಇದನ್ನು ಗಮನಿಸಿ.

ಉತ್ತರ 3: ಹಾಸನದಿಂದ

ನಾನು ಯಂತ್ರಭಾಗಗಳ ವಿನ್ಯಾಸದ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಹುಡುಗನ ಅಗತ್ಯವನ್ನು ಬರೀ ಆಟ ಎಂದು ಬದಿಗಿಡುವುದು ನ್ಯಾಯವಲ್ಲ. ಪುಟ್ಟ ಕಂಪ್ಯೂಟರಿನಲ್ಲೂ ಸಾಲಿಡ್‌ವರ್ಕ್ಸ್ ತೆರೆಯುತ್ತದೆ, ಒಂದು ಬ್ರಾಕೆಟ್ಟನ್ನೋ ಫ್ಲ್ಯಾಂಜನ್ನೋ ಬಿಡಿಸಬಹುದು. ನೂರಾರು ಭಾಗಗಳ ಅಸೆಂಬ್ಲಿಯನ್ನು ತಿರುಗಿಸಿ ನೋಡುವಾಗ, ಸಿಮ್ಯುಲೇಷನ್ ಓಡಿಸುವಾಗ ಅದರ ಮಿತಿ ಗೊತ್ತಾಗುತ್ತದೆ.

ಹಾಗೆಂದು ದುಬಾರಿ ಗೇಮಿಂಗ್ ಕಾರ್ಡ್ ಹಾಕಿಸಿದ ಮಾತ್ರಕ್ಕೆ ಸಾಲಿಡ್‌ವರ್ಕ್ಸ್ ಅದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲ. ಮಾಡೆಲನ್ನು ಮತ್ತೆ ಮತ್ತೆ ರೀಬಿಲ್ಡ್ ಮಾಡುವ, ಅಂದರೆ ಬದಲಾವಣೆಯಾದಾಗ ಅದರ ಆಕಾರವನ್ನು ಹೊಸದಾಗಿ ಲೆಕ್ಕ ಹಾಕುವ ಕೆಲಸ ಹೆಚ್ಚಾಗಿ ಪ್ರೊಸೆಸರಿನ ಒಂದೇ ಕೋರಿನ ವೇಗವನ್ನು ನೆಚ್ಚಿಕೊಂಡಿದೆ, ಅದರ ನಂತರ ರ‍್ಯಾಮನ್ನು. ಗೇಮಿಂಗ್‌ಗೆಂದು ಬರುವ ಜಿಫೋರ್ಸ್ ಕಾರ್ಡುಗಳು ಸಾಲಿಡ್‌ವರ್ಕ್ಸ್‌ನವರ ಪ್ರಮಾಣೀಕೃತ ಪಟ್ಟಿಯಲ್ಲಿಲ್ಲ; ವಿದ್ಯಾರ್ಥಿಯ ಕೆಲಸಕ್ಕೆ ಅವು ನಡೆಯುತ್ತವೆ ಅಷ್ಟೇ. ಆದ್ದರಿಂದ ಅವನಿಗೆ ಮೈಕ್ರೋ ಎಟಿಎಕ್ಸ್ ಎಂಬ ಅಳತೆಯ ಮದರ್‌ಬೋರ್ಡಿನ ಮಧ್ಯಮ ಗಾತ್ರದ ಕಂಪ್ಯೂಟರ್ ಜೋಡಿಸಿ. ಒಳ್ಳೆಯ ಆರು ಕೋರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, ಇನ್ನೊಂದು ರ‍್ಯಾಮ್ ಕಡ್ಡಿಗೆ ಖಾಲಿ ಜಾಗ, ನಂಬಿಕಸ್ಥ 550 ವ್ಯಾಟ್ ಪವರ್ ಸಪ್ಲೈ ಇರಲಿ. ಕಾರ್ಡನ್ನು ಆರು ತಿಂಗಳು ಬಿಟ್ಟು ಹಾಕಿದರೂ ನಡೆಯುತ್ತದೆ. ಮುಂಭಾಗಕ್ಕೆ ಗಾಜು ಮತ್ತು ಬಣ್ಣದ ದೀಪಗಳಿರುವ ಕ್ಯಾಬಿನೆಟ್ಟಿನ ಬದಲು ಜಾಲರಿಯದನ್ನು ಕೇಳಿ, ಒಳಗೆ ಗಾಳಿ ಆಡಬೇಕು.

ಪ್ರಶ್ನೆ ಕೇಳಿದವರು:

ಇಷ್ಟು ವಿವರವಾಗಿ ಬರೆದಿರುವುದಕ್ಕೆ ತುಂಬಾ ಧನ್ಯವಾದಗಳು. ಮಗನೂ ಓದಿದ, ಕಾರ್ಡು ಆಮೇಲೆ ಎಂಬುದಕ್ಕೆ ಒಪ್ಪಿದ್ದಾನೆ. ಎರಡು ಯಂತ್ರ ಎಂದಾಗ ಹಣದ ಚಿಂತೆ ಬರುತ್ತದೆ. ಕಚೇರಿಯದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳಬಹುದೇ? ಮುಂದೆ ಎಂದಾದರೂ ಅದಕ್ಕೂ ಗ್ರಾಫಿಕ್ಸ್ ಕಾರ್ಡ್ ಹಾಕಲು ಬರುತ್ತದೆಯೇ?

ಉತ್ತರ 1ರವರಿಂದ ಮತ್ತೆ:

ಖಂಡಿತ ಕೊಳ್ಳಬಹುದು ಮೇಡಂ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಇಂಥ ಕಂಪ್ಯೂಟರುಗಳು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಾಕಷ್ಟು ಸಿಗುತ್ತವೆ. ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಳೆಯದು ಬೇಡ, ಏಕೆಂದರೆ ಅದಕ್ಕಿಂತ ಹಿಂದಿನವು ಸಾಮಾನ್ಯವಾಗಿ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ) ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇದೆಯೇ, ಹಳೆಯ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿ. ಎಸ್‌ಎಸ್‌ಡಿ ಮಾತ್ರ ಹೊಸದು ಹಾಕಿಸಿ.

ಒಂದು ಲೀಟರಿನ ಸಾಮಾನ್ಯ ಮಾದರಿಗಳಲ್ಲಿ ಕಾರ್ಡಿಗೆ ಜಾಗವೇ ಇರುವುದಿಲ್ಲ. ಅದಕ್ಕಿಂತ ದೊಡ್ಡದಾದ, ಎಸ್‌ಎಫ್‌ಎಫ್ ಎನ್ನುವ ಮಾದರಿಯಲ್ಲಿ ಸ್ಲಾಟ್ ಇರುತ್ತದೆ, ಆದರೆ ಆ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 70 ವ್ಯಾಟಿನ ಆರ್‌ಟಿಎಕ್ಸ್ 3050, 6 ಜಿಬಿ ಕಾರ್ಡಿನ ಕುಳ್ಳ ಮಾದರಿ ಅಲ್ಲಿಗೆ ಹೊಂದಬಹುದು. 115 ವ್ಯಾಟಿನ ಆರ್‌ಟಿಎಕ್ಸ್ 4060ಕ್ಕೆ ಬೇರೆ ಪವರ್ ಕೇಬಲ್ ಬೇಕು, ಕಂಪನಿಯವರು ಕೊಟ್ಟಿರುವ ಚಿಕ್ಕ ಪವರ್ ಸಪ್ಲೈಯಲ್ಲಿ ಅದು ಸಿಗುವುದು ಕಷ್ಟ. ನಿಮ್ಮ ಕಚೇರಿಗೆ ಇದಾವುದೂ ಬೇಕಿಲ್ಲ. ಅಲ್ಲಿ ಉಳಿದ ಹಣ ಮಗನ ಪ್ರೊಸೆಸರಿಗೂ ನಿಮ್ಮ ಬ್ಯಾಕಪ್ಪಿನ ಹಾರ್ಡ್‌ಡಿಸ್ಕಿಗೂ ಹೋಗಲಿ.

ಹೊಸ ಕಂಪ್ಯೂಟರಿಗೆ ಬದಲಾಗುವುದನ್ನು 20ರ ನಂತರ ಇಟ್ಟುಕೊಳ್ಳಿ. ಮೊದಲು ಟ್ಯಾಲಿ ಡೇಟಾವನ್ನು ಹೊರಗಿನ ಡಿಸ್ಕಿಗೆ ಬ್ಯಾಕಪ್ ಮಾಡಿ, ಹಳೆಯ ಯಂತ್ರದಲ್ಲಿ ಲೈಸೆನ್ಸನ್ನು ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್ ಮಾಡಿ. ಟೋಕನ್ನಿನ ಡ್ರೈವರ್ ಮತ್ತು ಸಹಿ ಹಾಕುವ ತಂತ್ರಾಂಶ ಹೊಸದರಲ್ಲಿ ಕೆಲಸ ಮಾಡುತ್ತವೆ ಎಂದು ಖಚಿತವಾಗುವವರೆಗೆ ಹಳೆಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಬೇಡಿ.